ಕಪಾಟಿನ ಹಲಗೆಯೊಳಗೆ ಹುದುಗಿಸುವ ಎಲ್‌ಇಡಿ ದೀಪ: ಕರಾವಳಿಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಮತ್ತು ಉಡುಪಿ ಕಡೆಯ ಮನೆಗಳಲ್ಲಿ ಕಪಾಟು, ಶೋಕೇಸ್, ಅಡುಗೆಮನೆಯ ಶೆಲ್ಫುಗಳಿಗೆ ದೀಪ ಕೂರಿಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಈ ಅವಧಿಯಲ್ಲಿ ಮನೆಯವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿ ಉತ್ತರಿಸಿದ್ದೇನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಳಿದ ದಿನಗಳಲ್ಲೂ ಉಪ್ಪುಗಾಳಿ ಬೀಸುವ ಈ ಊರುಗಳಲ್ಲಿ ಎಲ್‌ಇಡಿ ತಾನಾಗಿ ಕೆಡುವುದು ಅಪರೂಪ. ಕೆಡುವುದು ಅದರ ಜೋಡಣೆ ಮತ್ತು ಡ್ರೈವರ್, ಅಂದರೆ ಮನೆಯ 230 ವೋಲ್ಟನ್ನು ದೀಪಕ್ಕೆ ಬೇಕಾದ 12 ಅಥವಾ 24 ವೋಲ್ಟಿಗೆ ಇಳಿಸುವ ಪೆಟ್ಟಿಗೆ. ಮರ ಕೊಯ್ಯುವ ಮೊದಲೇ ಇವೆರಡರ ಬಗ್ಗೆ ತೀರ್ಮಾನ ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು ಎಂಬುದು ನನ್ನ ಅನುಭವ.

ಎಲ್‌ಇಡಿ ಸ್ಟ್ರಿಪ್ಪನ್ನು ಹಲಗೆಯ ಅಡಿಗೆ ನೇರವಾಗಿ ಅಂಟಿಸಿದರೆ ಸಾಲದೇ? ಹುದುಗಿಸುವ ಅಗತ್ಯವೇನು?

ಅಂಟಿಸಿದರೂ ದೀಪ ಉರಿಯುತ್ತದೆ, ಆದರೆ ಬಹುಕಾಲ ನಿಲ್ಲುವುದಿಲ್ಲ. ಸ್ಟ್ರಿಪ್ ಎಂದರೆ ಪುಟ್ಟ ಎಲ್‌ಇಡಿ ಚಿಪ್ಪುಗಳನ್ನು ಸಾಲಾಗಿ ಕೂರಿಸಿದ ತೆಳು ಪಟ್ಟಿ. ಅದರ ಹಿಂಭಾಗದ ಅಂಟುಪಟ್ಟಿ ನುಣುಪಾದ, ಒಣಗಿದ ಲೋಹದ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಪ್ಲೈವುಡ್ಡಿನ ಹಸಿ ಮೈಯ ಮೇಲೆ, ಅದರಲ್ಲೂ ಮರದ ಹುಡಿ ಪೂರ್ತಿ ಒರೆಸದೆ ಉಳಿದ ಜಾಗದಲ್ಲಿ, ಮೊದಲ ಮಳೆಗಾಲಕ್ಕೇ ಬಿಟ್ಟುಕೊಂಡು ಜೋತುಬೀಳುತ್ತದೆ. ಎರಡನೆಯ ಕಾರಣ ಶಾಖ. ಎಲ್‌ಇಡಿಯ ಬೆಳಕು ತಣ್ಣಗಿದ್ದರೂ ಚಿಪ್ಪಿನ ಬೆನ್ನು ಬಿಸಿಯಾಗುತ್ತದೆ, ಮರ ಆ ಬಿಸಿಯನ್ನು ಎಳೆದುಕೊಳ್ಳುವುದಿಲ್ಲ. ಸ್ಟ್ರಿಪ್ಪನ್ನು ಒಳಗೆ ಕೂರಿಸುವ ಕಾಲುವೆಯಾಕಾರದ ಲೋಹದ ಪಟ್ಟಿ, ಅಂದರೆ ಅಲ್ಯೂಮಿನಿಯಂ ಪ್ರೊಫೈಲ್, ಎಳೆದುಕೊಳ್ಳುತ್ತದೆ, ಆದ್ದರಿಂದ ಚಿಪ್ಪಿನ ಆಯುಷ್ಯ ಉಳಿಯುತ್ತದೆ. ಹಲಗೆಯಲ್ಲಿ ಗ್ರೂವ್, ಅಂದರೆ ಉದ್ದನೆಯ ತೋಡು, ಹೊಡೆದು, ಅದರೊಳಗೆ ಪ್ರೊಫೈಲನ್ನು ಕೂರಿಸಿ, ಮೇಲೆ ಹಾಲುಬಣ್ಣದ ಮುಚ್ಚಳ ಹಾಕುವುದಕ್ಕೇ ಹುದುಗಿಸುವುದು ಎನ್ನುತ್ತೇವೆ. ಧೂಳು ಒರೆಸುವಾಗ ಬಟ್ಟೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಎಂಬುದು ಇದರ ಇನ್ನೊಂದು ಅನುಕೂಲ. ಮನೆಯ ಹೆಂಗಸರು ಎಲ್ಲಕ್ಕಿಂತ ಮೊದಲು ಗುರುತಿಸುವುದೂ ಇದನ್ನೇ.

ದೀಪವನ್ನು ಹಲಗೆಯ ಮುಂಭಾಗಕ್ಕೆ ಹಾಕಬೇಕೇ, ಹಿಂಭಾಗಕ್ಕೆ ಹಾಕಬೇಕೇ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕೇಳದೆ ಕೆಲಸ ಮುಗಿಸಿದ ಮೇಲೆ ಬೇಸರಪಡುವವರೇ ಹೆಚ್ಚು. ಕಪಾಟಿನಲ್ಲಿ ಏನು ಇಡುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಸೀರೆ, ಪುಸ್ತಕ, ಸ್ಟೀಲಿನ ಡಬ್ಬಿಗಳಂತೆ ಮುಂದಿನ ಮೈ ಕಾಣಬೇಕಾದ ವಸ್ತುಗಳಿದ್ದರೆ ದೀಪ ಮುಂಭಾಗದಲ್ಲಿರಬೇಕು. ಒಂದು ಅಡಿ ಆಳದ ಶೆಲ್ಫಿನಲ್ಲಿ ಮುಂದಿನ ಅಂಚಿನಿಂದ ಒಂದೂವರೆ ಅಥವಾ ಎರಡು ಇಂಚು ಒಳಗೆ ಗ್ರೂವ್ ಬಂದರೆ ಬೆಳಕು ವಸ್ತುವಿನ ಮುಖಕ್ಕೆ ಬೀಳುತ್ತದೆ. ದೀಪ ಹಿಂದಿದ್ದರೆ ಹಿಂಬದಿಯ ಗೋಡೆಹಲಗೆ ಬೆಳಗುತ್ತದೆ, ವಸ್ತು ಕಪ್ಪು ಆಕಾರವಾಗಿ ನಿಲ್ಲುತ್ತದೆ. ಗಾಜಿನ ಲೋಟಗಳಿಗೆ, ಬಣ್ಣದ ಗಾಜಿನ ಹೂದಾನಿಗಳಿಗೆ ಇದು ಸೊಗಸು, ಏಕೆಂದರೆ ಬೆಳಕು ಅವುಗಳ ಒಳಗಿನಿಂದ ಹಾದು ಬರುತ್ತದೆ. ಹಿತ್ತಾಳೆಯ ಕಾಲುದೀಪ, ಯಕ್ಷಗಾನದ ಕಿರೀಟದ ಮಾದರಿಗಳಂಥ ಕುಸುರಿ ಕೆಲಸದ ವಸ್ತುಗಳಿಗೆ ಹಿಂದಿನ ದೀಪ ಅನ್ಯಾಯ ಮಾಡುತ್ತದೆ. ಕೆತ್ತನೆಯ ಒಂದು ಗೆರೆಯೂ ಕಾಣುವುದಿಲ್ಲ.

ಮುಂಭಾಗದ ದೀಪಕ್ಕೆ ಇರುವ ತೊಂದರೆ ಕಣ್ಣಿಗೆ ಹೊಡೆಯುವುದು. ನಿಂತವರ ಕಣ್ಣಿಗಿಂತ ಕೆಳಗಿನ ಹಲಗೆಗಳಲ್ಲಿ ಈ ಸಮಸ್ಯೆ ಇಲ್ಲ, ಏಕೆಂದರೆ ಹಲಗೆಯೇ ದೀಪವನ್ನು ಮರೆಮಾಡುತ್ತದೆ. ಕಣ್ಣಿಗಿಂತ ಮೇಲಿನ ಹಲಗೆಗಳಲ್ಲಿ ಮಾತ್ರ, ಅದರಲ್ಲೂ ಎದುರಿನ ಸೋಫಾದಲ್ಲಿ ಕುಳಿತವರಿಗೆ, ಬೆಳಕಿನ ಗೆರೆ ನೇರವಾಗಿ ಕಾಣುತ್ತದೆ. ಅಲ್ಲಿ ಒಳಮುಖವಾಗಿ 45 ಡಿಗ್ರಿ ವಾಲಿದ ಪ್ರೊಫೈಲನ್ನು ಬಳಸಬಹುದು. ಇಲ್ಲವೇ ಹಲಗೆಯ ಮುಂದಂಚಿಗೆ ಒಂದು ಇಂಚಿನಷ್ಟು ಇಳಿಯುವ ಮರದ ಪಟ್ಟಿಯನ್ನು ಹೊಡೆಸಬಹುದು. ನನಗೆ ಪಟ್ಟಿಯೇ ಹೆಚ್ಚು ಇಷ್ಟ, ಏಕೆಂದರೆ ಅದು ಹಲಗೆ ಬಾಗುವುದನ್ನೂ ತಡೆಯುತ್ತದೆ. ತೀರ್ಮಾನಿಸುವ ಮೊದಲು ಒಂದು ಸಂಜೆ, ಸ್ಟ್ರಿಪ್ಪಿನ ಒಂದು ತುಂಡನ್ನು ಕಾಗದದ ಟೇಪಿನಿಂದ ಹಲಗೆಗೆ ತಾತ್ಕಾಲಿಕವಾಗಿ ಅಂಟಿಸಿ, ಮುಂದಕ್ಕೂ ಹಿಂದಕ್ಕೂ ಸರಿಸಿ, ಕುಳಿತು ನೋಡಿ, ನಿಂತು ನೋಡಿ. ಹತ್ತು ನಿಮಿಷದ ಈ ಪರೀಕ್ಷೆ ನಕ್ಷೆಗಿಂತ ಹೆಚ್ಚು ಹೇಳುತ್ತದೆ.

ಹಲಗೆ ಎಷ್ಟು ದಪ್ಪ ಇರಬೇಕು? ಗ್ರೂವ್ ಹೊಡೆದರೆ ಅದರ ಬಲ ಕುಗ್ಗುವುದಿಲ್ಲವೇ?

ಸಾಮಾನ್ಯವಾಗಿ ಕಪಾಟಿಗೆ ಬಳಸುವ 18 ಅಥವಾ 19 ಮಿಲಿಮೀಟರಿನ, ಅಂದರೆ ಆಚಾರಿಗಳ ಲೆಕ್ಕದ ಮುಕ್ಕಾಲು ಇಂಚಿನ ಪ್ಲೈವುಡ್ ಸಾಕು. ಗ್ರೂವಿನ ಆಳ ಹಲಗೆಯ ದಪ್ಪದ ಅರ್ಧವನ್ನು ಮೀರಬಾರದು. ಹುದುಗಿಸುವ ಪ್ರೊಫೈಲುಗಳಲ್ಲಿ ಹೆಚ್ಚಿನವಕ್ಕೆ 7 ಅಥವಾ 8 ಮಿಲಿಮೀಟರ್ ಆಳ ಸಾಲುವುದರಿಂದ ಮೇಲೆ 10 ಮಿಲಿಮೀಟರ್ ಮರ ಉಳಿಯುತ್ತದೆ. 12 ಮಿಲಿಮೀಟರಿನ ಹಲಗೆಯಲ್ಲಿ ಈ ಕೆಲಸ ಮಾಡಿಸಬೇಡಿ. ಗ್ರೂವ್ ಹಲಗೆಯ ಉದ್ದಕ್ಕೆ ಹೋದರೆ ಬಲದಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ನಡುಮಧ್ಯದಲ್ಲಿ ಅಡ್ಡಲಾಗಿ ಕೊಯ್ದರೆ ಮಾತ್ರ ಹಲಗೆ ಅಲ್ಲೇ ಬಾಗುತ್ತದೆ. ಮೂರು ಅಡಿ ಉದ್ದದ ಶೆಲ್ಫಿನಲ್ಲಿ ದಪ್ಪ ಪುಸ್ತಕಗಳನ್ನು ತುಂಬಿಸುವುದಾದರೆ, ದೀಪ ಇರಲಿ ಇಲ್ಲದಿರಲಿ, 25 ಮಿಲಿಮೀಟರಿನ ಹಲಗೆಯನ್ನು ಆರಿಸುವುದು ಒಳ್ಳೆಯದು.

ಅಳತೆಗೆ ಮೊದಲು ಪ್ರೊಫೈಲ್ ಕೈಯಲ್ಲಿರಬೇಕು. ಅಂಗಡಿಯವರು ಹೇಳಿದ ಅಗಲವನ್ನು ನಂಬಿ ಗ್ರೂವ್ ಹೊಡೆಸಬೇಡಿ. ಪ್ರೊಫೈಲಿನ ತುಂಡೊಂದನ್ನು ಆಚಾರಿಯವರ ಕೈಗೇ ಕೊಡಿ. ಅವರು ಬೇಡದ ಪ್ಲೈವುಡ್ ತುಂಡಿನ ಮೇಲೆ ರೂಟರ್ (ಗ್ರೂವ್ ಕೊಯ್ಯುವ ಯಂತ್ರ) ಓಡಿಸಿ, ಪ್ರೊಫೈಲನ್ನು ಒತ್ತಿ ನೋಡಿ, ಆಮೇಲೆ ನಿಜವಾದ ಹಲಗೆಗೆ ಕೈಹಾಕಲಿ. ಹೆಬ್ಬೆರಳಿನಿಂದ ಒತ್ತಿದಾಗ ಕುಳಿತು, ಉಗುರಿನಿಂದ ಎತ್ತಿದಾಗ ಎದ್ದು ಬಂದರೆ ಅದು ಸರಿಯಾದ ಬಿಗಿ. ಸುತ್ತಿಗೆಯಿಂದ ಬಡಿದು ಕೂರಿಸಬೇಕಾಗಿ ಬಂದರೆ ಅಲ್ಯೂಮಿನಿಯಂ ಬಾಯಿ ಮುಚ್ಚಿಕೊಂಡು, ಮುಚ್ಚಳ ಕೂರುವುದಿಲ್ಲ. ಆಳವನ್ನು ಒಂದೇ ಸಲಕ್ಕೆ ಕೊಯ್ಯದೆ ಎರಡು ಮೂರು ಸಲ ಓಡಿಸಿದರೆ ಮೈಕಾ ಚೂರು ಚೂರಾಗಿ ಏಳುವುದಿಲ್ಲ, ಪದರವೂ ಸುಡುವುದಿಲ್ಲ. ಗ್ರೂವ್ ಹಲಗೆಯ ತುದಿಯವರೆಗೆ ಹೋಗದೆ ಒಳಗೇ ನಿಲ್ಲಬೇಕಾದರೆ ರೂಟರ್ ಅಲ್ಲಿ ಅರ್ಧಚಂದ್ರದ ಆಕಾರವನ್ನು ಬಿಡುತ್ತದೆ. ಅದನ್ನು ಚೂಪಾದ ಉಳಿಯಿಂದ ಚೌಕ ಮಾಡಬೇಕು. ಮೈಕಾ ಅಂಟಿಸಿದ ಮೇಲೆ ಗ್ರೂವ್ ಹೊಡೆಸಿ, ಎರಡೂ ಬದಿಗೆ ಕಿವಿ, ಅಂದರೆ ಹೊರಚಾಚಿದ ಅಂಚು, ಇರುವ ಪ್ರೊಫೈಲ್ ಹಾಕಿದರೆ ಸಣ್ಣಪುಟ್ಟ ಒರಟು ಅಂಚುಗಳು ಆ ಕಿವಿಯ ಅಡಿಗೆ ಹೋಗುತ್ತವೆ.

ಕೊನೆಗೆ ಮರೆಯಬಾರದ ಒಂದು ಕೆಲಸವಿದೆ. ಕೊಯ್ದ ಜಾಗದಲ್ಲಿ ಪ್ಲೈವುಡ್ಡಿನ ಪದರಗಳು ಬಾಯಿ ಬಿಟ್ಟುಕೊಂಡಿರುತ್ತವೆ, ಜುಲೈ-ಆಗಸ್ಟಿನ ಆಟಿ ತಿಂಗಳ ಥಂಡಿಯನ್ನು ಅವು ಕುಡಿಯುತ್ತವೆ. ಪ್ರೊಫೈಲ್ ಕೂರಿಸುವ ಮೊದಲು ಗ್ರೂವಿನ ಒಳಗೆ ಎರಡು ಸಲ ವಾರ್ನಿಷ್ ಬಳಿದು ಒಣಗಲು ಬಿಡಿ. ಪ್ಲೈವುಡ್ಡನ್ನೇ ಹೊಸದಾಗಿ ಕೊಳ್ಳುವವರು, ಅಡುಗೆಮನೆಗಾದರೆ, ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಕೇಳಿ ತೆಗೆದುಕೊಳ್ಳುವುದು ಒಳಿತು.

ನಮ್ಮದು ಹಳೆಯ ಹೆಂಚಿನ ಮನೆ. ಹಲಸಿನ ಮರದ ಕಪಾಟು ಮುರಕಲ್ಲಿನ ಗೋಡೆಯೊಳಗೇ ಇದೆ. ಅದಕ್ಕೆ ದೀಪ ಹುದುಗಿಸಬಹುದೇ?

ಹುದುಗಿಸಬಹುದು, ಆದರೆ ಹಲಗೆಗೆ ಕೈಹಾಕುವ ಮೊದಲು ಎರಡು ಸಲ ಯೋಚಿಸಿ. ಹಳೆಯ ಹಲಸು ಅಥವಾ ಸಾಗುವಾನಿಯ ಹಲಗೆಯನ್ನು ಒಮ್ಮೆ ಕೊಯ್ದರೆ ಮತ್ತೆ ಮುಚ್ಚಲು ಬರುವುದಿಲ್ಲ. ಅಂಥ ಕಪಾಟುಗಳಲ್ಲಿ ಹಲಗೆಯನ್ನು ಹಾಗೇ ಬಿಟ್ಟು, ಬಾಗಿಲ ಚೌಕಟ್ಟಿನ ಒಳಮಗ್ಗುಲಲ್ಲಿ ನೇರ ನಿಲ್ಲುವ ತೆಳ್ಳಗಿನ ಹೊಸ ಪಟ್ಟಿಯೊಂದನ್ನು ಕೂರಿಸಿ, ಆ ಪಟ್ಟಿಯಲ್ಲಿ ದೀಪವನ್ನು ಹುದುಗಿಸುವಂತೆ ನಾನು ಸಲಹೆ ಕೊಡುತ್ತೇನೆ. ಬೇಡವೆನಿಸಿದ ದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಕಪಾಟು ಅಜ್ಜನ ಕಾಲದಲ್ಲಿ ಇದ್ದಂತೆಯೇ ಉಳಿಯುತ್ತದೆ. ಮರದ ಹಲಗೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಅಲ್ಯೂಮಿನಿಯಂ ಹಾಗೆ ಮಾಡುವುದಿಲ್ಲ. ಆದ್ದರಿಂದ ಪ್ರೊಫೈಲನ್ನು ಗಟ್ಟಿ ಅಂಟಿನಿಂದ ಹಿಡಿಸದೆ ಕ್ಲಿಪ್ಪಿನಲ್ಲಿ ಕೂರಿಸಿ, ಸ್ವಲ್ಪ ಸಡಿಲ ಬಿಡಿ.

ಮುರಕಲ್ಲಿನ ಗೋಡೆಯಲ್ಲಿ ವಯರಿಗೆ ತೂತು ಕೊರೆಯುವುದು ಸುಲಭ, ಆದರೆ ಆ ಕಲ್ಲು ನೀರನ್ನು ಹೀರಿಕೊಳ್ಳುತ್ತದೆ. ಹೊರಗೋಡೆಗೆ ತಾಗಿದ ಕಪಾಟಾದರೆ ವಯರನ್ನು ಪೈಪಿನೊಳಗೇ ತನ್ನಿ, ಜೋಡಣೆಯನ್ನು ಮಾತ್ರ ಯಾವ ಕಾರಣಕ್ಕೂ ಗೋಡೆಯೊಳಗೆ ಬಿಡಬೇಡಿ.

12 ವೋಲ್ಟಿನದು ಒಳ್ಳೆಯದೋ, 24 ವೋಲ್ಟಿನದೋ?

ಹೊಸದಾಗಿ ಮಾಡಿಸುವವರು 24 ವೋಲ್ಟನ್ನೇ ಆರಿಸಿಕೊಳ್ಳಿ. ಕಾರಣವನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಕಪಾಟಿನಲ್ಲಿ 35 ವಾಟಿನ ದೀಪಗಳಿವೆ, ಡ್ರೈವರ್ 5 ಮೀಟರ್ ದೂರದಲ್ಲಿದೆ, ನಡುವೆ 0.75 ಚದರ ಮಿಲಿಮೀಟರಿನ ತಾಮ್ರದ ವಯರ್ ಇದೆ ಎಂದಿಟ್ಟುಕೊಳ್ಳಿ. ಹೋಗಿ ಬರುವ ದಾರಿ ಸೇರಿ 10 ಮೀಟರ್ ವಯರಿನ ರೋಧ ಸುಮಾರು ಕಾಲು ಓಮ್. 12 ವೋಲ್ಟಿನಲ್ಲಿ ಈ ದೀಪಗಳು ಹತ್ತಿರ ಹತ್ತಿರ 3 ಆಂಪಿಯರ್ ಎಳೆಯುತ್ತವೆ, ಆದ್ದರಿಂದ ದಾರಿಯಲ್ಲೇ ಮುಕ್ಕಾಲು ವೋಲ್ಟಿನಷ್ಟು ಸೋರಿಹೋಗುತ್ತದೆ. ಅದು ಶೇಕಡ 6ರಷ್ಟು. 24 ವೋಲ್ಟಿನಲ್ಲಿ ಎಳೆತ ಒಂದೂವರೆ ಆಂಪಿಯರಿಗೆ ಇಳಿಯುತ್ತದೆ, ಸೋರಿಕೆ ಶೇಕಡ 2ಕ್ಕಿಂತ ಕೆಳಗೆ ಬರುತ್ತದೆ. ಸ್ಟ್ರಿಪ್ಪಿನ ಒಳಗಿನ ತಾಮ್ರದ ಗೆರೆ ವಯರಿಗಿಂತ ಬಹಳ ತೆಳು, ಆದ್ದರಿಂದ ಅಲ್ಲಿಯೂ ಇದೇ ನಡೆಯುತ್ತದೆ. ಉದ್ದನೆಯ 12 ವೋಲ್ಟ್ ಸ್ಟ್ರಿಪ್ಪಿನ ಈ ತುದಿ ಬೆಳ್ಳಗೆ, ಆ ತುದಿ ಮಂಕಾಗಿ ಕಾಣುವುದು ಈ ಕಾರಣಕ್ಕೆ. ಕಪಾಟಿನ ಹಲಗೆಗಳು ಪಕ್ಕಪಕ್ಕದಲ್ಲಿರುವುದರಿಂದ ಈ ವ್ಯತ್ಯಾಸ ಕಣ್ಣಿಗೆ ಬೇಗ ಬೀಳುತ್ತದೆ.

ಒಂದು ಹಲಗೆಯ ದೀಪದ ತುದಿಯಿಂದ ಮುಂದಿನ ಹಲಗೆಗೆ ಸರಪಳಿಯಂತೆ ಜೋಡಿಸುತ್ತ ಹೋಗಬಾರದು. ಪ್ರತಿ ಹಲಗೆಗೂ ಡ್ರೈವರಿನ ಕಡೆಯಿಂದ ಬೇರೆ ಬೇರೆ ವಯರ್ ಎಳೆಯಿರಿ. ಆಗ ಒಂದು ಕೆಟ್ಟರೆ ಉಳಿದವು ಉರಿಯುತ್ತವೆ, ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೂ ಸುಲಭ.

ಎಷ್ಟು ವಾಟಿನ ಸ್ಟ್ರಿಪ್, ಎಷ್ಟು ವಾಟಿನ ಡ್ರೈವರ್ ಬೇಕು?

ಕಪಾಟಿಗೆ ಮೀಟರಿಗೆ 5ರಿಂದ 10 ವಾಟಿನ ಸ್ಟ್ರಿಪ್ ಧಾರಾಳವಾಯಿತು. ಮೂರು ಅಡಿಯ ನಾಲ್ಕು ಹಲಗೆಗಳೆಂದರೆ ಸುಮಾರು 3.6 ಮೀಟರ್. ಮೀಟರಿಗೆ 9.6 ವಾಟಿನಂತೆ 35 ವಾಟ್ ಆಗುತ್ತದೆ. ಡ್ರೈವರನ್ನು ಅದರ ಪೂರ್ಣ ಸಾಮರ್ಥ್ಯದಲ್ಲಿ ದುಡಿಸಬಾರದು, ಕಾಲು ಭಾಗವಾದರೂ ಹೆಚ್ಚುವರಿ ಇರಲಿ. ಈ ಲೆಕ್ಕದಲ್ಲಿ 44 ವಾಟ್ ಬೇಕು, ಆದ್ದರಿಂದ 60 ವಾಟಿನದನ್ನು ಕೊಳ್ಳಿ. ಡ್ರೈವರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ನೋಂದಣಿ ಸಂಖ್ಯೆಯೂ ಇರಬೇಕು. ಎಲ್‌ಇಡಿ ಡ್ರೈವರುಗಳಿಗೆ ಐಎಸ್ 15885ರ ಅಡಿಯಲ್ಲಿ ನೋಂದಣಿ ಕಡ್ಡಾಯ. ಸ್ಟ್ರಿಪ್ಪಿನಲ್ಲಿ ಹಣ ಉಳಿಸಿದರೂ ಡ್ರೈವರಿನಲ್ಲಿ ಉಳಿಸಬೇಡಿ, ಏಕೆಂದರೆ 230 ವೋಲ್ಟಿಗೂ ನಿಮ್ಮ ಕೈಗೂ ನಡುವೆ ಇರುವುದು ಅದೊಂದೇ.

ಡ್ರೈವರನ್ನು ಎಲ್ಲಿ ಇಡಬೇಕು?

ಕೈಗೆ ಸಿಗುವಲ್ಲಿ ಇಡಬೇಕು. ಈ ಬರಹದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಉಡುಪಿಯ ನಮ್ಮ ಸ್ವಂತ ಮನೆಯಲ್ಲಿ ಮೊದಲ ಬಾರಿ ಕಪಾಟು ಮಾಡಿಸಿದಾಗ ಡ್ರೈವರನ್ನು ಕಪಾಟಿನ ಬೆನ್ನುಹಲಗೆ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಇಟ್ಟು, ಮೇಲೆ ಪ್ಲೈವುಡ್ ಹೊಡೆದು, ಮೈಕಾ ಅಂಟಿಸಿ ಮುಚ್ಚಿದರು. ಕೆಲಸ ನೋಡಲು ಬಹಳ ಚೊಕ್ಕವಾಗಿತ್ತು. ಎರಡನೆಯ ವರ್ಷದ ಆಟಿಯಲ್ಲಿ ಒಂದು ಸಂಜೆ ದೀಪಗಳು ನಡುಗತೊಡಗಿದವು, ವಾರದೊಳಗೆ ಪೂರ್ತಿ ಆರಿದವು. ಬದಲಿಸಬೇಕಾಗಿದ್ದದ್ದು ಕೆಲವು ನೂರು ರೂಪಾಯಿಯ ಒಂದು ಪೆಟ್ಟಿಗೆ. ಅದನ್ನು ತಲುಪುವುದಕ್ಕೆ ಆಚಾರಿಯವರು ಎರಡು ದಿನ ಕೂತು ಬೆನ್ನುಹಲಗೆಯನ್ನು ಕೊಯ್ಯಬೇಕಾಯಿತು. ಹೊರತೆಗೆದ ಡ್ರೈವರಿನ ತುದಿಯ ಸ್ಕ್ರೂಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು, ಒಳಗೆ ಹಲ್ಲಿಯೊಂದು ಒಣಗಿ ಅಂಟಿಕೊಂಡಿತ್ತು. ಅದೇ ಬಣ್ಣದ ಮೈಕಾ ಮತ್ತೆ ಸಿಗಲಿಲ್ಲ, ತೇಪೆಯ ಗುರುತು ಇಂದಿಗೂ ಇದೆ. ಅಂದಿನಿಂದ ನಾನು ಯಾವ ಮನೆಯಲ್ಲೂ ಡ್ರೈವರನ್ನು ಮುಚ್ಚಿ ಹೊಡೆಸಿದ್ದಿಲ್ಲ.

ಎರಡು ಜಾಗಗಳು ಒಳ್ಳೆಯವು. ಒಂದು, ಕಪಾಟಿನ ತಲೆಯ ಮೇಲೆ, ಮುಂದಿನ ಪಟ್ಟಿಯ ಮರೆಯಲ್ಲಿ, ಸ್ಟೂಲ್ ಹತ್ತಿದರೆ ಕೈಗೆ ಸಿಗುವಂತೆ. ಇನ್ನೊಂದು, ಕೊನೆಯ ಅರೆಯ ಮೂಲೆಯಲ್ಲಿ, ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಸಣ್ಣ ಮುಚ್ಚಳದ ಹಿಂದೆ. ಆ ಮುಚ್ಚಳಕ್ಕೆ ಗಾಳಿ ಆಡುವ ತೂತುಗಳಿರಲಿ, ತೂತುಗಳಿಗೆ ಹಲ್ಲಿ ಇರುವೆ ಬಾರದಂತೆ ಸಣ್ಣ ಕಣ್ಣಿನ ಜಾಳಿಗೆ ಇರಲಿ. ಡ್ರೈವರ್ ತಾನೂ ಬಿಸಿಯಾಗುವ ವಸ್ತು. ಅದರೊಳಗಿನ ಕೆಪಾಸಿಟರುಗಳು ಬಿಸಿಗೆ ಬೇಗ ಸೊರಗುತ್ತವೆ, ಆದ್ದರಿಂದ ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಅದರ ಆಯುಷ್ಯ ಕಡಿಮೆ. ನೆಲಕ್ಕೆ ತಾಗಿದ ಅರೆಯಲ್ಲಿ, ಸಿಂಕಿನ ಅಡಿಯಲ್ಲಿ ಇಡಲೇಬೇಡಿ. ಡ್ರೈವರನ್ನು ವಯರಿಗೆ ನೇರವಾಗಿ ಜೋಡಿಸುವ ಬದಲು ಅದಕ್ಕೊಂದು ಪ್ಲಗ್ ಹಾಕಿ, ಸಾಕೆಟ್ಟಿಗೆ ಚುಚ್ಚುವಂತೆ ಮಾಡುವುದು ಇನ್ನೂ ಒಳ್ಳೆಯದು. ಇದರ ಉಪಯೋಗ ಸಿಡಿಲಿನ ದಿನಗಳಲ್ಲಿ ಗೊತ್ತಾಗುತ್ತದೆ.

ಸಿಡಿಲಿನಿಂದ ಈ ದೀಪಗಳಿಗೆ ತೊಂದರೆಯಿದೆಯೇ?

ಇದೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲೂ ಮಳೆಗಾಲ ಮುಗಿದ ಮೇಲಿನ ಅಕ್ಟೋಬರಿನಲ್ಲೂ ನಮ್ಮಲ್ಲಿ ಗುಡುಗು ಸಿಡಿಲಿನ ಅಬ್ಬರ ಹೆಚ್ಚು. ಹತ್ತಿರ ಸಿಡಿಲು ಬಡಿದಾಗ ತಂತಿಯಲ್ಲಿ ಏಳುವ ವೋಲ್ಟೇಜು ಸ್ವಿಚ್ಚಿನ ಸಣ್ಣ ಸಂದಿಯನ್ನು ಹಾರಿ ದಾಟಬಲ್ಲದು, ಆದ್ದರಿಂದ ಸ್ವಿಚ್ ಆರಿಸಿದ್ದರೆ ಸಾಕು ಎಂದು ನಂಬಬಾರದು. ಪ್ಲಗ್ಗನ್ನೇ ಕಿತ್ತಿಡುವುದು ಖಚಿತವಾದ ದಾರಿ. ಮನೆಯ ಡಿಬಿಯಲ್ಲಿ, ಅಂದರೆ ವಿದ್ಯುತ್ ವಿತರಣಾ ಪೆಟ್ಟಿಗೆಯಲ್ಲಿ, ಸರ್ಜ್ ಪ್ರೊಟೆಕ್ಟರ್ ಕೂರಿಸಿದರೆ ದೀಪಕ್ಕೆ ಮಾತ್ರವಲ್ಲ, ಟಿವಿ, ಫ್ರಿಜ್, ಮೋಡೆಮ್‌ಗಳಿಗೂ ರಕ್ಷಣೆ ಸಿಗುತ್ತದೆ. ಆದರೆ ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಅದು ಕೆಲಸ ಮಾಡುವುದಿಲ್ಲ, ಮೊದಲು ಅರ್ತಿಂಗನ್ನು ಪರೀಕ್ಷಿಸಿ.

ಸಮುದ್ರದ ಹತ್ತಿರದ ಮನೆಗೆ ಐಪಿ65 ಸ್ಟ್ರಿಪ್ಪನ್ನೇ ಹಾಕಬೇಕೇ?

ಮಲ್ಪೆ, ಉಳ್ಳಾಲ, ಸುರತ್ಕಲ್ ಕಡೆಯವರು ಇದನ್ನು ತಪ್ಪದೆ ಕೇಳುತ್ತಾರೆ. ಐಪಿ20 ಎಂದರೆ ಹೊದಿಕೆಯಿಲ್ಲದ ಸ್ಟ್ರಿಪ್. ಐಪಿ65 ಎಂದರೆ ಧೂಳನ್ನೂ ಎರಚಿದ ನೀರನ್ನೂ ತಡೆಯುವ, ಹೆಚ್ಚಾಗಿ ಸಿಲಿಕೋನ್ ಹೊದಿಸಿದ ಸ್ಟ್ರಿಪ್. ಅಡುಗೆಮನೆಯ ಸಿಂಕಿನ ಮೇಲಿನ ಶೆಲ್ಫಿಗೆ, ಬಚ್ಚಲಿನ ಕಪಾಟಿಗೆ ಐಪಿ65 ಬೇಕು. ಕೋಣೆಯೊಳಗಿನ ಬಟ್ಟೆಯ ಕಪಾಟಿಗೆ, ಪ್ರೊಫೈಲಿಗೆ ಮುಚ್ಚಳವೂ ತುದಿಯ ಬಿರಡೆಯೂ ಇದ್ದರೆ, ಐಪಿ20 ಸಾಕಾಗುತ್ತದೆ. ಆದರೆ ಒಂದು ವಿಷಯವನ್ನು ಗಮನಿಸಿ. ಐಪಿ65 ಸ್ಟ್ರಿಪ್ಪನ್ನು ಕತ್ತರಿಸಿದ ಕ್ಷಣದಲ್ಲಿ ಆ ತುದಿಯ ರಕ್ಷಣೆ ಹೋಗುತ್ತದೆ. ಕತ್ತರಿಸಿದ ಬಾಯಿಗೆ ಸಿಲಿಕೋನ್ ತುಂಬಿಸದಿದ್ದರೆ ಥಂಡಿ ಅಲ್ಲಿಂದಲೇ ಒಳಹೊಕ್ಕು, ಹೊರಬರಲು ದಾರಿಯಿಲ್ಲದೆ, ತಾಮ್ರವನ್ನು ಇನ್ನೂ ಬೇಗ ತಿನ್ನುತ್ತದೆ.

ಸ್ಟ್ರಿಪ್ಪನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದೇ? ಕ್ಲಿಪ್ ಹಾಕಿ ಜೋಡಿಸಿದರೆ ಆಗುತ್ತದೆಯೇ?

ಕತ್ತರಿಯ ಗುರುತು ಇರುವಲ್ಲಿ ಮಾತ್ರ ಕತ್ತರಿಸಬೇಕು. ಮೀಟರಿಗೆ 60 ಚಿಪ್ಪುಗಳಿರುವ ಸಾಮಾನ್ಯ ಸ್ಟ್ರಿಪ್ಪಿನಲ್ಲಿ, 12 ವೋಲ್ಟಿನದಾದರೆ 5 ಸೆಂಟಿಮೀಟರಿಗೊಮ್ಮೆ, 24 ವೋಲ್ಟಿನದಾದರೆ 10 ಸೆಂಟಿಮೀಟರಿಗೊಮ್ಮೆ ಈ ಗುರುತು ಬರುತ್ತದೆ. ಹಲಗೆಯ ಉದ್ದಕ್ಕೂ ಗುರುತಿಗೂ ಸರಿಹೊಂದದೆ ತುದಿಯಲ್ಲಿ ಕತ್ತಲೆ ಉಳಿಯುವುದು ಇದರಿಂದಲೇ. ಉಳಿಯುವ ಅಂತರವನ್ನು ಎರಡೂ ತುದಿಗೆ ಸಮನಾಗಿ ಹಂಚಿ.

ಜೋಡಣೆಯ ವಿಷಯದಲ್ಲಿ ನನ್ನ ನಿಲುವು ಖಚಿತ. ಕರಾವಳಿಯಲ್ಲಿ ಕ್ಲಿಪ್ ಬೇಡ, ಬೆಸುಗೆಯೇ (ಸೋಲ್ಡರಿಂಗ್) ಬೇಕು. ಕ್ಲಿಪ್ಪಿನ ಹಲ್ಲು ತಾಮ್ರವನ್ನು ಒತ್ತಿಕೊಂಡಿರುತ್ತದೆಯೇ ಹೊರತು ಅದರೊಂದಿಗೆ ಒಂದಾಗುವುದಿಲ್ಲ. ಆ ಕೂದಲೆಳೆಯ ಸಂದಿಗೆ ಉಪ್ಪಿನ ತೇವ ಹೋಗಿ ಕಿಲುಬು ಕಟ್ಟಿದರೆ ದೀಪ ಮಿಣುಕುತ್ತದೆ, ಕ್ಲಿಪ್ಪಿನ ಮೇಲೆ ಬೆರಳಿಟ್ಟರೆ ಮತ್ತೆ ಹತ್ತಿಕೊಳ್ಳುತ್ತದೆ. ಬೆಸೆಯುವಾಗ ಸೋಲ್ಡರಿಂಗ್ ಐರನ್ನಿನ ತುದಿಯನ್ನು ತಾಮ್ರದ ಚುಕ್ಕೆಯ ಮೇಲೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಡಬೇಡಿ, ಚುಕ್ಕೆಯೇ ಕಿತ್ತು ಬರುತ್ತದೆ. ಆಮೇಲೆ ಉಳಿದ ಫ್ಲಕ್ಸನ್ನು (ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್) ಒರೆಸಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಶ್ರಿಂಕ್ ಟ್ಯೂಬ್ ಹಾಕಿ. ಕೂಡಿಸುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಒಂದೇ ಬಣ್ಣದ ಸ್ಟ್ರಿಪ್ ಉರಿಯುವುದಿಲ್ಲ ಅಷ್ಟೆ, ಸಾಮಾನ್ಯವಾಗಿ ಕೆಡುವುದಿಲ್ಲ. ಪ್ರೊಫೈಲಿನೊಳಗೆ ಸ್ಟ್ರಿಪ್ ಅಂಟಿಸುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಲೋಹವನ್ನು ಒರೆಸಿ ಒಣಗಿಸಿ. ಈ ಕೆಲಸವನ್ನೆಲ್ಲ ಮೇ ಕೊನೆಯ ವಾರದ ಪತ್ತನಾಜೆಯ ಒಳಗೆ, ಗಾಳಿ ಒಣಗಿರುವಾಗಲೇ ಮುಗಿಸಿಕೊಂಡರೆ ಅಂಟೂ ವಾರ್ನಿಷ್ಷೂ ಚೆನ್ನಾಗಿ ಹಿಡಿಯುತ್ತವೆ.

ಯಾವ ಬಣ್ಣದ ಬೆಳಕು ಚೆಂದ?

ಮರದ ಬಣ್ಣದ ಕಪಾಟಿಗೆ, ಹಿತ್ತಾಳೆ ತಾಮ್ರದ ವಸ್ತುಗಳಿಗೆ 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆ ಒಪ್ಪುತ್ತದೆ. ಬಟ್ಟೆಯ ಕಪಾಟಿಗೆ ಮತ್ತು ಅಡುಗೆಮನೆಗೆ 4000 ಕೆಲ್ವಿನ್ ಹಾಕಿ, ಸೀರೆಗೂ ರವಿಕೆಗೂ ಬಣ್ಣ ಹೊಂದಿಸುವಾಗ ಮೋಸವಾಗುವುದಿಲ್ಲ. 6500 ಕೆಲ್ವಿನ್‌ನ ನೀಲಿ ಬಿಳುಪು ಮನೆಯ ಕಪಾಟಿಗೆ ಬೇಡ ಎಂದೇ ನನ್ನ ಸಲಹೆ. ಛಾಯೆಗಿಂತ ಮುಖ್ಯವಾದದ್ದು ಸಿಆರ್‌ಐ, ಅಂದರೆ ವಸ್ತುವಿನ ನಿಜಬಣ್ಣವನ್ನು ಬೆಳಕು ಎಷ್ಟು ಚೆನ್ನಾಗಿ ತೋರಿಸುತ್ತದೆ ಎಂಬ ಅಳತೆ. 90ಕ್ಕಿಂತ ಮೇಲಿನದು ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಸಾರ್ಥಕ. ಹೊಳೆಯುವ ಮೈಕಾ ಅಥವಾ ಗ್ರಾನೈಟ್ ಇರುವಲ್ಲಿ ಚಿಪ್ಪುಗಳ ಪ್ರತಿಬಿಂಬ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಅಲ್ಲಿಗೆ ಬೆಳಕು ಒಂದೇ ಗೆರೆಯಾಗಿ ಬರುವ ಸಿಒಬಿ ಸ್ಟ್ರಿಪ್ ಸರಿ.

ಈ ಬೆಳಕಿಗೆ ರೇಷ್ಮೆ ಸೀರೆಗಳ ಬಣ್ಣ ಮಾಸುತ್ತದೆಯೇ?

ಬಿಳಿ ಎಲ್‌ಇಡಿ ಮೂಲತಃ ನೀಲಿ ಬೆಳಕಿನ ಚಿಪ್ಪು. ಅದರ ಮೇಲೆ ಹಳದಿ ಫಾಸ್ಫರ್ ಬಳಿದಿರುವುದರಿಂದ ನಮಗೆ ಬಿಳಿಯಾಗಿ ಕಾಣುತ್ತದೆ. ಆ ನೀಲಿ ಚಿಪ್ಪನ್ನು ಸಾಧ್ಯಮಾಡಿದ ಅಕಾಸಾಕಿ, ಅಮಾನೊ ಮತ್ತು ನಾಕಾಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಇದರಲ್ಲಿ ಅತಿನೇರಳೆ ಕಿರಣ ತೀರ ಕಡಿಮೆ, ಆದ್ದರಿಂದ ಟ್ಯೂಬ್‌ಲೈಟಿಗಿಂತಲೂ ಕಿಟಕಿಯ ಬಿಸಿಲಿಗಿಂತಲೂ ಸುರಕ್ಷಿತ. ಆದರೂ ಯಾವ ಬೆಳಕಾದರೂ ದಿನವಿಡೀ ಬಿದ್ದರೆ ನೈಸರ್ಗಿಕ ಬಣ್ಣಗಳು ಮಾಸುತ್ತವೆ. ಬಾಗಿಲು ತೆರೆದಾಗ ಮಾತ್ರ ಹತ್ತುವ ದೀಪವಾದರೆ ಚಿಂತೆ ಬೇಡ.

ಮೊದಲೆಲ್ಲ ಮಳೆಗಾಲದಲ್ಲಿ ಬೂಷ್ಟು ಬಾರದಿರಲೆಂದು ಕಪಾಟಿನೊಳಗೆ ಬಲ್ಬು ಉರಿಸಿಡುತ್ತಿದ್ದೆವು. ಎಲ್‌ಇಡಿಯೂ ಹಾಗೆ ಉಪಯೋಗಕ್ಕೆ ಬರುತ್ತದೆಯೇ?

ಬರುವುದಿಲ್ಲ. ಹಳೆಯ ತಂತಿಯ ಬಲ್ಬು ಎಳೆದ ವಿದ್ಯುತ್ತಿನ ಬಹುಪಾಲನ್ನು ಬಿಸಿಯಾಗಿಯೇ ಹೊರಹಾಕುತ್ತಿತ್ತು, ಕಪಾಟನ್ನು ಒಣಗಿಸುತ್ತಿದ್ದದ್ದು ಆ ಬಿಸಿ. ಒಂದು ಅರೆಯ ಎಲ್‌ಇಡಿ ಒಟ್ಟು ಎಳೆಯುವುದೇ ಎಂಟೊಂಬತ್ತು ವಾಟ್. ಬೂಷ್ಟಿಗೆ ಮದ್ದು ಗಾಳಿಯಾಟ. ಬೆನ್ನುಹಲಗೆಯನ್ನು ಗೋಡೆಯಿಂದ ಅರ್ಧ ಇಂಚು ದೂರ ನಿಲ್ಲಿಸಿ, ಬಿಸಿಲು ಬಂದ ದಿನ ಬಾಗಿಲು ತೆರೆದಿಡಿ.

ಸ್ವಿಚ್ ಹೇಗಿರಬೇಕು? ಸೆನ್ಸರ್ ನಂಬಬಹುದೇ?

ಬಾಗಿಲಿರುವ ಕಪಾಟಿಗೆ ಆಯಸ್ಕಾಂತದ ಸ್ವಿಚ್ಚನ್ನು ನಾನು ಮೊದಲು ಸೂಚಿಸುತ್ತೇನೆ. ಅದರ ಸಂಪರ್ಕ ಮುಚ್ಚಿದ ಗಾಜಿನ ಕೊಳವೆಯೊಳಗಿರುವುದರಿಂದ ಉಪ್ಪುಗಾಳಿ ತಾಗುವುದಿಲ್ಲ. ಬಾಗಿಲಿನ ಪ್ರತಿಫಲನವನ್ನು ನೋಡಿ ಕೆಲಸ ಮಾಡುವ ಐಆರ್ ಸೆನ್ಸರುಗಳೂ ಚೆನ್ನಾಗಿವೆ, ಆದರೆ ಕಪ್ಪು ಮೈಕಾದ ಬಾಗಿಲುಗಳಲ್ಲಿ ಕೆಲವೊಮ್ಮೆ ತಪ್ಪುತ್ತವೆ. ಇವೆಲ್ಲ ಡ್ರೈವರಿನ ಈಚೆಗೆ, ಕಡಿಮೆ ವೋಲ್ಟಿನ ಕಡೆ ಇರುವುದರಿಂದ ದೀಪ ಆರಿದ್ದರೂ ಡ್ರೈವರಿಗೆ ವಿದ್ಯುತ್ ಬರುತ್ತಲೇ ಇರುತ್ತದೆ. ಆದ್ದರಿಂದ ಗೋಡೆಯಲ್ಲಿ ಒಂದು ಸಾಮಾನ್ಯ ಸ್ವಿಚ್ ಇರಲೇಬೇಕು.

ಹಲಗೆಗಳನ್ನು ಮೇಲೆ ಕೆಳಗೆ ಸರಿಸುವ ಕಪಾಟಿಗೆ ಏನು ಮಾಡಬೇಕು?

ಹಲಗೆಗೆ ವಯರ್ ಕಟ್ಟಿಕೊಂಡರೆ ಸರಿಸುವ ಅನುಕೂಲವೇ ಹೋಯಿತು. ಎರಡೂ ಪಕ್ಕದ ನಿಲುಹಲಗೆಗಳಲ್ಲಿ, ಮುಂದಂಚಿನ ಹತ್ತಿರ, ಮೇಲಿನಿಂದ ಕೆಳಗಿನವರೆಗೆ ಗ್ರೂವ್ ಹೊಡೆಸಿ ದೀಪ ಕೂರಿಸಿ. ಹಲಗೆಗಳು ದೀಪಕ್ಕಿಂತ ಅರ್ಧ ಇಂಚು ಹಿಂದೆ ನಿಲ್ಲುವಷ್ಟು ಕಿರಿದಾಗಿದ್ದರೆ ಬೆಳಕು ಎಲ್ಲ ಅರೆಗಳಿಗೂ ಹೋಗುತ್ತದೆ.

ದೇವರ ಕೋಣೆಯ ಕಪಾಟಿಗೆ?

ಎಣ್ಣೆದೀಪದ ನೇರ ಮೇಲೆ ಪ್ರೊಫೈಲ್ ಬಾರದಿರಲಿ. ಬಿಸಿಗೆ ಮುಚ್ಚಳ ಬಾಗುತ್ತದೆ, ಮಸಿ ಹಿಡಿದರೆ ಒರೆಸಿದಷ್ಟೂ ಮಂಕಾಗುತ್ತದೆ.

ಈ ಕೆಲಸವನ್ನು ನಾನೇ ಮಾಡಬಹುದೇ?

ಸ್ಟ್ರಿಪ್ ಕತ್ತರಿಸುವುದು, ಬೆಸೆಯುವುದು, ಪ್ರೊಫೈಲಿನಲ್ಲಿ ಕೂರಿಸುವುದು, ಅಂದರೆ 24 ವೋಲ್ಟಿನ ಕಡೆಯ ಎಲ್ಲ ಕೆಲಸವನ್ನೂ ತಾಳ್ಮೆ ಇರುವ ಯಾರೂ ಮಾಡಬಹುದು. 230 ವೋಲ್ಟಿನ ಹೊಸ ಪಾಯಿಂಟ್ ಎಳೆಯುವುದನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರೀಷಿಯನ್ನರಿಗೇ ಬಿಡಿ. ಆ ಲೈನು, ವಿದ್ಯುತ್ ಸೋರಿದರೆ ಕೂಡಲೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ರಕ್ಷಣೆಯಲ್ಲಿರಲಿ. ಎಲೆಕ್ಟ್ರೀಷಿಯನ್ನರೂ ಆಚಾರಿಯವರೂ ಒಂದು ದಿನವಾದರೂ ಒಟ್ಟಿಗೆ ನಿಂತು ಕಪಾಟಿನ ನಕ್ಷೆ ನೋಡಬೇಕು. ಆಚಾರಿಯವರು ಪೂರ್ತಿ ಮುಗಿಸಿ ಹೋದ ಮೇಲೆ ಎಲೆಕ್ಟ್ರೀಷಿಯನ್ನರನ್ನು ಕರೆದರೆ ವಯರು ಹಲಗೆಯ ಮೇಲೆಯೇ ಓಡಾಡುತ್ತದೆ.

ಸ್ವಿಚ್ ಆರಿಸಿದರೂ ದೀಪ ಮಂದವಾಗಿ ಉರಿಯುತ್ತಿದೆ. ಇದು ಅಪಾಯವೇ?

ಹೆಚ್ಚಿನ ಸಲ ಸ್ವಿಚ್ಚಿನೊಳಗಿನ ಸೂಚಕ ದೀಪದ ಮೂಲಕ ಹರಿಯುವ ಅಲ್ಪ ವಿದ್ಯುತ್ ಇದಕ್ಕೆ ಕಾರಣ. ಹಾಗಿದ್ದರೆ ಸೂಚಕವಿಲ್ಲದ ಸ್ವಿಚ್ ಹಾಕಿದರೆ ಸರಿಹೋಗುತ್ತದೆ. ಆದರೆ ಸ್ವಿಚ್ ಫೇಸಿನ ಬದಲು ನ್ಯೂಟ್ರಲ್ಲನ್ನು ಕಡಿಯುತ್ತಿದ್ದರೂ ಹೀಗೇ ಆಗುತ್ತದೆ, ಅದು ಅಪಾಯ. ಸ್ವಿಚ್ ಆರಿಸಿದ್ದರೂ ಡ್ರೈವರಿನಲ್ಲಿ 230 ವೋಲ್ಟ್ ನಿಂತಿರುತ್ತದೆ. ತಡಮಾಡದೆ ಪರೀಕ್ಷಿಸಿ.

ವಿದ್ಯುತ್ ಬಿಲ್ ಎಷ್ಟು ಹೆಚ್ಚುತ್ತದೆ?

35 ವಾಟಿನ ಕಪಾಟು ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ ಸುಮಾರು 4 ಯೂನಿಟ್. ಬಾಗಿಲಿನ ಸ್ವಿಚ್ ಇದ್ದರೆ ಒಂದು ಯೂನಿಟ್ಟೂ ಆಗುವುದಿಲ್ಲ.

ಬಾಡಿಗೆ ಮನೆಯಲ್ಲಿದ್ದೇವೆ. ಏನು ಮಾಡಬಹುದು?

ಹಲಗೆ ಕೊಯ್ಯಬೇಡಿ. ಚಾರ್ಜ್ ಮಾಡುವ, ಆಯಸ್ಕಾಂತದಿಂದ ಅಂಟುವ ಸೆನ್ಸರ್ ದೀಪಗಳು ಸಾಕು.

ಒಂದು ಹಲಗೆಯಲ್ಲಿ ನಡುವೆ ಮೂರ್ನಾಲ್ಕು ಬೆರಳಷ್ಟು ಜಾಗ ಮಾತ್ರ ಕತ್ತಲಾಗಿದೆ. ಪೂರ್ತಿ ಬದಲಿಸಬೇಕೇ?

ಬೇಕಿಲ್ಲ. 12 ವೋಲ್ಟಿನ ಸ್ಟ್ರಿಪ್ಪಿನಲ್ಲಿ ಮೂರು, 24 ವೋಲ್ಟಿನದರಲ್ಲಿ ಸಾಮಾನ್ಯವಾಗಿ ಆರು ಚಿಪ್ಪುಗಳು ಒಂದರ ಹಿಂದೆ ಒಂದು ಸಾಲಾಗಿರುತ್ತವೆ. ಒಂದು ಸತ್ತರೆ ಆ ಸಾಲು ಪೂರ್ತಿ ಆರುತ್ತದೆ, ಉಳಿದದ್ದು ಉರಿಯುತ್ತದೆ. ಎರಡು ಕತ್ತರಿ ಗುರುತುಗಳ ನಡುವಿನ ಆ ತುಂಡನ್ನು ಮಾತ್ರ ತೆಗೆದು, ಹೊಸ ತುಂಡನ್ನು ಬೆಸೆಯಬಹುದು. ಆದರೆ ಬೇರೆ ಸುರುಳಿಯ ತುಂಡಾದರೆ, ಡಬ್ಬಿಯ ಮೇಲೆ ಅದೇ 3000 ಕೆಲ್ವಿನ್ ಎಂದು ಬರೆದಿದ್ದರೂ, ಛಾಯೆ ಒಂದಿಷ್ಟು ಬೇರೆಯಾಗಿ ತೇಪೆಯಂತೆ ಕಾಣುತ್ತದೆ. ಅದಕ್ಕಾಗಿ ಕೆಲಸ ಮುಗಿದ ದಿನ ಉಳಿದ ಸ್ಟ್ರಿಪ್ಪನ್ನು ಎಸೆಯದೆ, ಗಾಳಿಯಾಡದ ಕವರಿನಲ್ಲಿ ಕಟ್ಟಿ, ಮೇಲೆ ವೋಲ್ಟ್, ವಾಟ್, ಕೆಲ್ವಿನ್ ಮತ್ತು ಹಾಕಿದ ತಾರೀಕು ಬರೆದು, ಡ್ರೈವರಿನ ಪಕ್ಕದಲ್ಲೇ ಇಡಿ.